ಇಟಾಲಿಯನ್‌ನಲ್ಲಿ ಸಲಹೆ ಕೊಡುವುದು ಹೇಗೆ?

ಸುಸ್ತಾದ ಗೆಳೆಯನಿಗೆ 'ಸ್ವಲ್ಪ ವಿಶ್ರಾಂತಿ ತಗೋ' ಎಂದು ಇಟಾಲಿಯನ್‌ನಲ್ಲಿ ಹೇಗೆ ಹೇಳುವುದು ಅಂತ ಕೇಳಿದ್ದೀರಿ.

'ದೇವಿ ರಿಪೊಸಾರೆ' ಅಂದರೆ 'ನೀನು ವಿಶ್ರಾಂತಿ ತಗೊಳ್ಳಲೇಬೇಕು'. (ನಮ್ಮ ದೇವಿಗೂ ಇದಕ್ಕೂ ಸಂಬಂಧವಿಲ್ಲ!) ಸಲಹೆಗೆ ಇದು ಸ್ವಲ್ಪ ಖಡಕ್ ಆಯಿತು. ಅದೇ ಕ್ರಿಯಾಪದವನ್ನು ಮೆತ್ತಗೆ ಮಾಡಿ 'ದೊವ್ರೆಸ್ತಿ ರಿಪೊಸಾರೆ' ಎನ್ನಿ. 'ತಗೊಂಡರೆ ಒಳ್ಳೇದು' ಅನ್ನುವ ಧಾಟಿ ಬರುತ್ತದೆ. ಹಿರಿಯರಿಗೆ, ಅಪರಿಚಿತರಿಗೆ 'ದೊವ್ರೆಬ್ಬೆ'.

ನನಗೆ ಜಾಸ್ತಿ ಇಷ್ಟ 'ಸೆ ಫೊಸ್ಸಿ ಇನ್ ತೆ, ರಿಪೊಸೆರೆಯಿ'. 'ನಾನು ನಿನ್ನ ಜಾಗದಲ್ಲಿದ್ದಿದ್ದರೆ ವಿಶ್ರಾಂತಿ ತಗೊಳ್ಳುತ್ತಿದ್ದೆ' ಎಂದರ್ಥ. ಕನ್ನಡದಲ್ಲೂ ಹೀಗೇ ಹೇಳುತ್ತೇವೆ, ಅಲ್ವಾ?

ಎಡವುವುದು 'ಬೇಡ' ಅನ್ನುವಾಗ. 'ಮಾಂಜಾ' ಅಂದರೆ ತಿನ್ನು. ಆದರೆ 'ತಿನ್ನಬೇಡ' ಎನ್ನಲು 'ನೊನ್ ಮಾಂಜಾ' ತಪ್ಪು. 'ನೊನ್ ಮಾಂಜಾರೆ' ಎಂದು ಕ್ರಿಯಾಪದದ ಮೂಲರೂಪವನ್ನೇ ಬಳಸಬೇಕು.