ಆಂಟಿಬಯೋಟಿಕ್ ಸಿರಪ್ ಕಂದು ಬಣ್ಣಕ್ಕೆ ತಿರುಗಿದ್ದಕ್ಕೆ

ಮಗುವಿನ ಸಿರಪ್ ಕಂದು ಬಣ್ಣಕ್ಕೆ ತಿರುಗಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಸೆಕೆಗೆ ಅದು ಕೆಟ್ಟಿರೋ ಸಾಧ್ಯತೆಯೇ ಹೆಚ್ಚು. ಮಗುವಿಗೆ ಬರೆದಿರೋ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಪುಡಿಗೆ ನೀರು ಬೆರೆಸಿದ ಮೇಲೆ ಫ್ರಿಜ್‌ನಲ್ಲೇ ಇಡಬೇಕು, ಅಲ್ಲೂ ಸಾಮಾನ್ಯವಾಗಿ 7 ದಿನವಷ್ಟೇ. ದಾವಣಗೆರೆಯ ಏಪ್ರಿಲ್‌ನಲ್ಲಿ ಅಡುಗೆಕಟ್ಟೆ ಮೇಲೆ ಮೂರು ದಿನ ಇಟ್ಟಿದ್ದೀರಿ. ಅದನ್ನು ಇನ್ನು ಕೊಡಬೇಡಿ.

ಇವತ್ತೇ ಚೀಟಿ ತೋರಿಸಿ ಅದೇ ಸ್ಟ್ರೆಂತ್‌ನ ಹೊಸ ಬಾಟಲಿ ತನ್ನಿ. 5 ಎಂಎಲ್‌ಗೆ 228.5 ಮಿಗ್ರಾಂ, 457 ಮಿಗ್ರಾಂ ಅಂತ ಎರಡು ಬರುತ್ತವೆ, ಅದಲುಬದಲಾದರೆ ಡೋಸೇ ದುಪ್ಪಟ್ಟಾದೀತು. ಬಾಟಲಿ ತಟ್ಟಿ ಪುಡಿ ಸಡಿಲಿಸಿ. ಕುದಿಸಿ ಪೂರ್ತಿ ಆರಿಸಿದ ನೀರನ್ನು (ಜೊತೆಗೆ ನೀರು ಬಂದಿದ್ದರೆ ಅದನ್ನೇ) ಬಾಟಲಿ ಮೇಲಿನ ಗೆರೆಗಿಂತ ಕೆಳಗೇ ಹಾಕಿ ಕುಲುಕಿ. ನೊರೆ ಇಳಿದ ಮೇಲೆ ಗೆರೆವರೆಗೆ ತುಂಬಿಸಿ, ನೊರೆಯನ್ನೇ ಮಟ್ಟ ಅಂದುಕೊಂಡರೆ ಔಷಧಿ ಗಟ್ಟಿಯಾಗುತ್ತೆ. ಪ್ರತಿ ಸಲ ಕುಲುಕಿ, ಸಿರಿಂಜ್‌ನಲ್ಲಿ ಅಳೆದು, ಊಟದ ಶುರುವಿಗೆ ಕೊಡಿ. ಟೀ ಚಮಚ ಬೇಡವೇ ಬೇಡ.

ಜ್ವರ ಬಿಟ್ಟಿತು ಅಂತ ನೀವೇ ನಿಲ್ಲಿಸಬೇಡಿ. ಕೆಟ್ಟ ಸಿರಪ್ ಕುಡಿದ ದಿನಗಳನ್ನು ಕೋರ್ಸಿಗೆ ಲೆಕ್ಕ ಹಿಡಿಯಬೇಕೋ ಬೇಡವೋ ಡಾಕ್ಟರೇ ಹೇಳಬೇಕು, ಫೋನ್ ಮಾಡಿ. ತೆಳು ಭೇದಿ ಈ ಔಷಧಿಗೆ ಮಾಮೂಲಿ, ಓಆರ್‌ಎಸ್ ಕೊಡ್ತಿರಿ. ಮೈಮೇಲೆ ದದ್ದು, ಮುಖ ಊತ, ಉಸಿರಾಟಕ್ಕೆ ಕಷ್ಟ, ಭೇದಿಯಲ್ಲಿ ರಕ್ತ, ಇದರಲ್ಲಿ ಒಂದು ಕಂಡರೂ ಔಷಧಿ ನಿಲ್ಲಿಸಿ ತಕ್ಷಣ ನಿಮ್ಮೂರಿನ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯಿರಿ.