ಓದುಗರ ಪ್ರಶ್ನೆ: ಗುರುತು ಹಿಡಿಯುವ ರಾಡಾರ್

ಪ್ರಶ್ನೆ: ಆಕಾಶದಲ್ಲಿ ವಿಮಾನವಿದೆ ಎಂದಷ್ಟೇ ಅಲ್ಲ, ಅದು ಯಾವ ಬಗೆಯದೆಂದೂ ಹೇಳಬಲ್ಲ ಸೂಕ್ಷ್ಮ ರಾಡಾರ್‌ಗಳಿವೆಯಂತೆ. ಇಂಥವನ್ನೂ ಜಾಮರ್‌ಗಳು ಮೋಸಗೊಳಿಸಬಹುದೇ?
– ಓದುಗರೊಬ್ಬರು, ವಿಜಯಪುರ

ಉತ್ತರ: ಮೋಸಗೊಳಿಸಬಹುದು. ಜಾಮರ್ ಎಂದರೆ ರಾಡಾರಿನ ಕೆಲಸ ಕೆಡಿಸಲು ರೇಡಿಯೊ ಅಲೆಗಳನ್ನು ಹೊಮ್ಮಿಸುವ ಸಾಧನ. ವಿಮಾನವನ್ನು ಪತ್ತೆ ಹಚ್ಚುವ ಕೆಲಸಕ್ಕಿಂತ ಮೊದಲೇ ಅದರ ಗುರುತು ಹಿಡಿಯುವ ಕೆಲಸ ಕೆಡುತ್ತದೆ.

ದೂರದಲ್ಲಿ ಒಂದರ ಹಿಂದೊಂದಿರುವ ಎರಡು ವಸ್ತುಗಳನ್ನು ಬೇರೆಬೇರೆಯಾಗಿ ಕಾಣುವ ಶಕ್ತಿ ರಾಡಾರಿನ ಬ್ಯಾಂಡ್‌ವಿಡ್ತ್‌ನಿಂದ, ಅಂದರೆ ಅದು ಬಳಸುವ ಆವರ್ತನಗಳ ಹರವಿನಿಂದ, ಬರುತ್ತದೆ. ಬ್ಯಾಂಡ್‌ವಿಡ್ತ್ 1 ಮೆಗಾಹರ್ಟ್ಸ್ ಇದ್ದರೆ ಆ ಎರಡರ ನಡುವೆ 150 ಮೀಟರ್ ಅಂತರವಾದರೂ ಬೇಕು. ಹೀಗಾಗಿ 15 ಮೀಟರ್ ಉದ್ದದ ಯುದ್ಧವಿಮಾನ ಒಂದೇ ಚುಕ್ಕೆಯಾಗಿ ಕಾಣುತ್ತದೆ. ಅದನ್ನು 500 ಮೆಗಾಹರ್ಟ್ಸ್‌ಗೆ ಏರಿಸಿದರೆ ಅಂತರ 30 ಸೆಂಟಿಮೀಟರಿಗೆ ಇಳಿದು, ಮೂತಿ, ಎಂಜಿನ್ನಿನ ಬಾಯಿ, ರೆಕ್ಕೆಯ ಬುಡ, ಬಾಲ ಎಲ್ಲವೂ ತಂತಮ್ಮ ಮಾರ್ದನಿ ಕೊಡುತ್ತವೆ. ಆ ಏರಿಳಿತವನ್ನು ಮೊದಲೇ ಸಂಗ್ರಹಿಸಿಟ್ಟ ಮಾದರಿಗಳೊಂದಿಗೆ ಹೋಲಿಸಿ ವಿಮಾನದ ಬಗೆಯನ್ನು ನಿರ್ಧರಿಸುತ್ತಾರೆ. ವಿಮಾನ ಕೊಂಚ ಹೊರಳಿದರೂ ಏರಿಳಿತ ಬದಲಾಗುವುದರಿಂದ ಇದು ಮೊದಲೇ ನಾಜೂಕಿನ ಕೆಲಸ.

ಒಂದೇ ಚುಕ್ಕೆಯಲ್ಲಿ ಸೇರಿದ್ದ ಶಕ್ತಿ ಹೀಗೆ ಹಲವು ಮಾರ್ದನಿಗಳಿಗೆ ಹಂಚಿಹೋಗುವುದರಿಂದ ಒಂದೊಂದೂ ಕ್ಷೀಣವಾಗಿರುತ್ತದೆ. ಜಾಮರ್ ಗದ್ದಲವೆಬ್ಬಿಸಿದಾಗ ಬಲವಾದ ಒಂದೆರಡು ಉಳಿದು ಮಿಕ್ಕವು ಮುಳುಗಿಹೋಗುತ್ತವೆ. ಆಗ ವಿಮಾನವಿದೆಯೆಂದು ತಿಳಿಯುತ್ತದೆ, ಯಾವುದೆಂದು ತಿಳಿಯುವುದಿಲ್ಲ. ದೂರವೂ ಜಾಮರಿನ ಪರವಾಗಿಯೇ ಇದೆ: ಜಾಮರನ್ನು ಹೊತ್ತ ವಿಮಾನ ಇಮ್ಮಡಿ ದೂರದಲ್ಲಿದ್ದರೆ, ಹೋಗಿ ಮರಳಬೇಕಾದ ಮಾರ್ದನಿ ಹದಿನಾರರಲ್ಲೊಂದು ಪಾಲಿಗೆ ಇಳಿಯುತ್ತದೆ, ಒಮ್ಮುಖವಾಗಿ ಬರುವ ಜಾಮರಿನ ಸದ್ದು ನಾಲ್ಕರಲ್ಲೊಂದು ಪಾಲಿಗೆ ಮಾತ್ರ.

ಬ್ಯಾಂಡ್ ಅಗಲವಾದಷ್ಟೂ ಜಾಮರ್ ತನ್ನ ಶಕ್ತಿಯನ್ನು ತೆಳುವಾಗಿ ಹರಡಬೇಕಾಗುತ್ತದೆ ಎಂಬ ಸಮಾಧಾನವಿದೆ ನಿಜ. ಆದರೆ ರಾಡಾರಿನ ಪಲ್ಸನ್ನೇ (ಅದು ಕಳಿಸುವ ರೇಡಿಯೊ ಅಲೆಗಳ ಕಿರು ಮಿಡಿತವನ್ನೇ) ಡಿಜಿಟಲ್ ಸ್ಮೃತಿಯಲ್ಲಿ ಹಿಡಿದಿಟ್ಟು, ತುಸು ತಡೆದು ಮರಳಿ ಕಳಿಸುವ ಜಾಮರಿಗೆ ಆ ಕಷ್ಟವಿಲ್ಲ. ನಿಮ್ಮೂರಿನ ಗೋಲಗುಮ್ಮಟದ ಮೇಲಂತಸ್ತಿನಲ್ಲಿ ನೀವು ಚಪ್ಪಾಳೆ ತಟ್ಟಿ ಮಾರ್ದನಿಗಳನ್ನು ಎಣಿಸುತ್ತಿರುವಾಗ, ಎದುರು ಬದಿಯಲ್ಲಿ ನಿಂತವರೊಬ್ಬರು ಥೇಟ್ ನಿಮ್ಮಂತೆಯೇ ನಡುನಡುವೆ ತಟ್ಟಿದರೆ ಎಣಿಕೆ ತಪ್ಪುವುದಿಲ್ಲವೇ? ಸುಳ್ಳು ಮಾರ್ದನಿಗಳು ನಿಜದ ನಡುವೆ ಬೆರೆತರೆ ರಾಡಾರ್ ಒಂದು ವಿಮಾನವನ್ನು ಇನ್ನೊಂದೆಂದು ನಂಬಬಹುದು. ನನ್ನ ದೃಷ್ಟಿಯಲ್ಲಿ ಗದ್ದಲಕ್ಕಿಂತ ಇದೇ ಹೆಚ್ಚು ಅಪಾಯಕಾರಿ, ಏಕೆಂದರೆ ಗದ್ದಲವಾದರೆ ತೊಂದರೆಯಾಗಿರುವುದಾದರೂ ಗೊತ್ತಾಗುತ್ತದೆ.

ಇದಕ್ಕೆ ಎದುರಾಗಿ ರಾಡಾರ್‌ಗಳು ಪ್ರತಿ ಪಲ್ಸಿನ ಆಕಾರವನ್ನೂ ಆವರ್ತನವನ್ನೂ ಬದಲಿಸುತ್ತವೆ. ಆಗ ಜಾಮರ್ ಹೊಸ ಪಲ್ಸನ್ನು ಕೇಳಿಸಿಕೊಂಡ ಮೇಲೆಯೇ ನಕಲು ಮಾಡಬೇಕು. ಅದಕ್ಕೆ 100 ನ್ಯಾನೊಸೆಕೆಂಡ್ ಹಿಡಿದರೂ ಸುಳ್ಳು ಮಾರ್ದನಿ ಜಾಮರಿಗಿಂತ 15 ಮೀಟರ್ ಹಿಂದೆ ಕಾಣಿಸುತ್ತದೆ. 30 ಸೆಂಟಿಮೀಟರನ್ನೂ ಬೇರ್ಪಡಿಸಬಲ್ಲ ರಾಡಾರಿಗೆ ಅದು ಸಣ್ಣ ಅಂತರವಲ್ಲ.