ಒಂದೇ ಇಂಡಕ್ಷನ್ ಒಲೆಯಲ್ಲಿ ದಿನದ ಅಡುಗೆಯೆಲ್ಲ ಆಗುತ್ತದೆಯೇ?

ಬೆಂಗಳೂರಿನಲ್ಲಿ ಒಂದು ಕೋಣೆಯ ಬಾಡಿಗೆ ಮನೆ, ಇರುವವರು ಗಂಡ ಹೆಂಡತಿ ಇಬ್ಬರೇ, ಮಾಲೀಕರು ಸಿಲಿಂಡರ್ ಬೇಡವೆಂದಿದ್ದಾರೆ. ಒಂದೇ ಒಂದು ಇಂಡಕ್ಷನ್ ಒಲೆ ಇಟ್ಟುಕೊಂಡು ಎರಡು ಹೊತ್ತಿನ ಅಡುಗೆ ಸಾಗಿಸಬಹುದೇ, ಕರೆಂಟ್ ಬಿಲ್ ಎಷ್ಟಾದೀತು, ದೋಸೆ ಏಳುತ್ತದೆಯೇ ಎಂದು ಕೇಳಿದ್ದೀರಿ.

ಸಾಗಿಸಬಹುದು. ನಾನು ಏಳು ವರ್ಷ ಸಾಗಿಸಿದ್ದೇನೆ. ಊರು ಮಂಡ್ಯದ ಕಡೆ, ಕೆಲಸ ಕಲಬುರಗಿಯಲ್ಲಿ. ಮೊದಲ ಎರಡು ವರ್ಷ ಒಬ್ಬನೇ ಇದ್ದೆ, ಆಮೇಲೆ ಹೆಂಡತಿಯೂ ಬಂದಳು. ನಡುವೆ ಗ್ಯಾಸ್ ಬಂತು, ಆದರೂ ಇಂಡಕ್ಷನ್ ಒಲೆ ಮೂಲೆ ಸೇರಲಿಲ್ಲ. ಮುದ್ದೆ ತಿನ್ನುವ ಊರಿನಿಂದ ರೊಟ್ಟಿ ತಿನ್ನುವ ಊರಿಗೆ ಹೋದವನಾದ್ದರಿಂದ ಈ ಒಲೆಯನ್ನು ಎರಡೂ ಕಡೆಯಿಂದ ಪರೀಕ್ಷಿಸಿದ್ದೇನೆ ಎಂದುಕೊಳ್ಳಿ.

ಒಲೆ ಯಾವ ಕಂಪನಿಯದು ಎಂದು ಆಮೇಲೆ ಯೋಚಿಸಿ. ಮೊದಲು ಗೋಡೆ ನೋಡಿ. ಅಡುಗೆ ಕಟ್ಟೆಯ ಹತ್ತಿರ ಗೀಸರಿಗೆ ಹಾಕುವಂಥ ದಪ್ಪ ಪಿನ್ನಿನ 16 ಆಂಪಿಯರ್ ಸಾಕೆಟ್ ಇದೆಯೇ? 2000 ವ್ಯಾಟಿನ ಒಲೆ ನಮ್ಮ 230 ವೋಲ್ಟಿನಲ್ಲಿ ಹೆಚ್ಚುಕಡಿಮೆ 8.7 ಆಂಪಿಯರ್ ಎಳೆಯುತ್ತದೆ. ಮೊಬೈಲ್ ಚಾರ್ಜರ್, ಮಿಕ್ಸಿ ಸಿಕ್ಕಿಸುವ ಚಿಕ್ಕ ಸಾಕೆಟ್ 6 ಆಂಪಿಯರಿನದು. ನನ್ನ ಮೊದಲ ಮನೆಯಲ್ಲಿ ಇದ್ದದ್ದು ಅದೊಂದೇ. ಅಂಗಡಿಯಿಂದ ನಲವತ್ತು ರೂಪಾಯಿಯ ಕನ್ವರ್ಟರ್ ಪಿನ್ ತಂದು ದೊಡ್ಡ ಪ್ಲಗ್ಗನ್ನು ಚಿಕ್ಕದಕ್ಕೆ ಸಿಕ್ಕಿಸಿಕೊಂಡು ಜಾಣನೆಂದು ಬೀಗಿದ್ದೆ. ಹದಿನೈದನೆಯ ದಿನ ಬೇಳೆ ಬೇಯುವಾಗ ಸುಟ್ಟ ವಾಸನೆ ಬಂತು. ಬೇಳೆ ತಳ ಹಿಡಿಯಿತೆಂದು ಕುಕ್ಕರನ್ನು ನೋಡುತ್ತ ನಿಂತೆ. ಕರಗುತ್ತಿದ್ದದ್ದು ಗೋಡೆಯ ಮೇಲಿನ ಪಿನ್. ಸಾಕೆಟ್ಟಿನ ಬಾಯಿ ಕಪ್ಪಾಗಿ ಸೊಟ್ಟಗಾಗಿತ್ತು. ಮಾಲೀಕರಿಗೆ ಹೇಳಿ, ಎಲೆಕ್ಟ್ರಿಷಿಯನ್ ಕರೆಸಿ, ಬೋರ್ಡಿನಿಂದ ದಪ್ಪ ವೈರ್ ಎಳೆಸಿ 16 ಆಂಪಿಯರಿನ ಸಾಕೆಟ್ ಹಾಕಿಸಿದ ಮೇಲೆ ಆ ಕಾಟ ತಪ್ಪಿತು. ನಿಮ್ಮ ಮಾಲೀಕರು ಸಿಲಿಂಡರ್ ಬೇಡವೆಂದವರು. ಹಾಗಾದರೆ ಈ ಸಾಕೆಟ್ಟನ್ನು ಅವರೇ ಹಾಕಿಸಿಕೊಡಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅದು ಆಗುವುದೇ ಇಲ್ಲವೆಂದರೆ 1200 ವ್ಯಾಟಿನ ಚಿಕ್ಕ ಒಲೆ ಕೊಳ್ಳಿ; ಅದು 6 ಆಂಪಿಯರಿನೊಳಗೆ ನಿಲ್ಲುತ್ತದೆ, ಅಡುಗೆ ನಿಧಾನ ಅಷ್ಟೇ. ಎಕ್ಸ್‌ಟೆನ್ಷನ್ ಬಾಕ್ಸ್ ಮಾತ್ರ ಯಾವುದಕ್ಕೂ ಬೇಡ.

ಎರಡನೆಯದು ಪಾತ್ರೆ. ಅಂಗಡಿಗೆ ಹೋಗುವಾಗ ಫ್ರಿಜ್ ಬಾಗಿಲಿನ ಮೇಲಿನ ಅಯಸ್ಕಾಂತವನ್ನು ಜೇಬಿಗೆ ಹಾಕಿಕೊಳ್ಳಿ. ಪಾತ್ರೆಯ ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ. ಇದರಲ್ಲೊಂದು ತಮಾಷೆ ಇದೆ. ನಮ್ಮ ಮನೆಗಳಲ್ಲಿ ಅಯಸ್ಕಾಂತ ಅಂಟಿದರೆ ಕಳಪೆ ಸ್ಟೀಲ್, ಅಂಟದಿದ್ದರೆ ಒಳ್ಳೆಯ ಸ್ಟೀಲ್ ಎಂಬ ನಂಬಿಕೆ. ಅದರಲ್ಲಿ ಹುರುಳೂ ಇದೆ, ಏಕೆಂದರೆ ನಿಕ್ಕಲ್ ಬೆರೆತ 304 ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ, ಅಗ್ಗದ 430ಕ್ಕೆ ಅಂಟುತ್ತದೆ. ಹೀಗಾಗಿ ಅವ್ವ ತನ್ನ ಮದುವೆಯ ಪಾತ್ರೆಗಳಲ್ಲಿ ಆರಿಸಿ ಕಳಿಸಿದ ಒಳ್ಳೊಳ್ಳೆಯ ತಪ್ಪಲೆಗಳೆಲ್ಲ ನನ್ನ ಒಲೆಯ ಮೇಲೆ ತಣ್ಣಗೆ ಕುಳಿತವು. ಜಾತ್ರೆಯಲ್ಲಿ ಕೊಂಡ ತೆಳು ಪಾತ್ರೆಯೊಂದು ಗುಂಯ್ ಎಂದು ಸದ್ದು ಮಾಡುತ್ತ ಕಾದಿತು. ಅಲ್ಯೂಮಿನಿಯಂ, ತಾಮ್ರ, ಮಣ್ಣಿನ ಪಾತ್ರೆಗಳ ಆಸೆ ಬಿಟ್ಟುಬಿಡಿ. ತಳ ದುಂಡಗಿರುವ ಬಾಣಲೆಯೂ ಆಗದು, ಚಪ್ಪಟೆ ತಳದ್ದೇ ಬೇಕು.

ಕಾರಣ ಸರಳ. ಗಾಜಿನಡಿಯಲ್ಲಿ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದರಲ್ಲಿ ಅತಿ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ ಹರಿದಾಗ ಮೇಲಿಟ್ಟ ಕಬ್ಬಿಣದ ತಳದೊಳಗೇ ವಿದ್ಯುತ್ತಿನ ಸುಳಿಗಳು ಹುಟ್ಟಿ ತಳ ತಾನಾಗಿ ಕಾಯುತ್ತದೆ. ಗಾಜು ಬಿಸಿಯಾಗುವುದು ಪಾತ್ರೆಯ ಕಾವು ತಗುಲಿ. ಇದರಿಂದ ಒಂದು ಲಾಭವನ್ನು ಕಲಬುರಗಿಯ ಏಪ್ರಿಲಿನಲ್ಲಿ ಅನುಭವಿಸಿದೆ. ಹೊರಗೆ ನಲವತ್ತು ದಾಟಿದ ಬಿಸಿಲು, ಒಳಗೆ ತಲೆಯ ಮೇಲೆ ಫ್ಯಾನ್ ತಿರುಗಿಸಿಕೊಂಡೇ ಸಾರು ಕುದಿಸುತ್ತಿದ್ದೆ. ಗ್ಯಾಸ್ ಮುಂದೆ ನಿಂತು ಬೆವರಿದವರಿಗೆ ಇದರ ಬೆಲೆ ಗೊತ್ತು.

ಒಂದು ಲೀಟರ್ ನೀರು ಪೂರ್ತಿ ಕಾವಿನಲ್ಲಿ ಮೂರು ಮೂರೂವರೆ ನಿಮಿಷಕ್ಕೆ ಕುದಿಯುತ್ತದೆ. ಈ ವೇಗವೇ ಮೊದಮೊದಲು ಅಡುಗೆ ಕೆಡಿಸುತ್ತದೆ. ಗ್ಯಾಸಿನಲ್ಲಿ ನಾವು ಉರಿ ನೋಡಿ ಕಾವು ಅಳೆಯುತ್ತೇವೆ. ಇಲ್ಲಿ ನೋಡಲು ವ್ಯಾಟಿನ ಒಂದು ಅಂಕಿ ಮಾತ್ರ, ಆ ಅಂಕಿಯೂ ಪೂರ್ತಿ ನಿಜ ಹೇಳುವುದಿಲ್ಲ. 300 ಎಂದು ತೋರಿಸುವಾಗ ಅಗ್ಗದ ಒಲೆಗಳಲ್ಲಿ ಬಹಳಷ್ಟು ಮಾಡುವುದೇನೆಂದರೆ, ಕೆಲವು ಸೆಕೆಂಡು ಸಾವಿರದಷ್ಟು ಕಾವು ಕೊಟ್ಟು ಕೆಲವು ಸೆಕೆಂಡು ಸುಮ್ಮನಿರುವುದು. ಸರಾಸರಿ 300. ಹಾಲಿಟ್ಟು ನೋಡಿ, ಗೊತ್ತಾಗುತ್ತದೆ: ಅಂಚಿನಲ್ಲಿ ನೊರೆ ಕಟ್ಟುತ್ತದೆ, ಇನ್ನೇನು ಉಕ್ಕಿತು ಎನ್ನುವಾಗ ಕೆಳಗೆ ಟಕ್ ಎಂದು ಸದ್ದಾಗಿ ನೊರೆ ಇಳಿಯುತ್ತದೆ, ನೀವು ತಿರುಗಿ ಈರುಳ್ಳಿ ಹೆಚ್ಚುವಷ್ಟರಲ್ಲಿ ಮತ್ತೆ ಟಕ್, ಈ ಸಲ ಕಟ್ಟೆಯ ತುಂಬ ಹಾಲು. ತೆಳು ಪಾತ್ರೆಯಲ್ಲಿ ಪಾಯಸ, ಗಟ್ಟಿ ಸಾಂಬಾರು, ಉಪ್ಪಿಟ್ಟು ತಳ ಹಿಡಿಯುವುದೂ ಇದೇ ಕಾರಣಕ್ಕೆ. ತಳ ದಪ್ಪವಿದ್ದರೆ ಅದು ಕಾವನ್ನು ಹಿಡಿದಿಟ್ಟುಕೊಂಡು ಈ ಏರಿಳಿತವನ್ನು ನುಂಗುತ್ತದೆ. ಆದ್ದರಿಂದ ದುಡ್ಡು ಸುರಿಯುವುದಾದರೆ ಒಲೆಯ ಮೇಲೆ ಸುರಿಯಬೇಡಿ, ದಪ್ಪ ತಳದ ಎರಡು ಪಾತ್ರೆಗಳ ಮೇಲೆ ಸುರಿಯಿರಿ. ಇಂಡಕ್ಷನ್ ತಳದ ಮೂರು ಲೀಟರ್ ಕುಕ್ಕರ್ ಒಂದು, ಚಪ್ಪಟೆ ತಳದ ಬಾಣಲೆ ಒಂದು. ಇಬ್ಬರಿಗೆ ಇಷ್ಟು ಸಾಕು.

ಒಗ್ಗರಣೆ ಸೌಟು ನಡೆಯುವುದಿಲ್ಲ. ಅಷ್ಟು ಚಿಕ್ಕ ತಳವನ್ನು ಒಲೆ ಪಾತ್ರೆ ಎಂದೇ ಒಪ್ಪದೆ ಬೀಪ್ ಬೀಪ್ ಎನ್ನುತ್ತದೆ. ನಾನು ಕ್ರಮವನ್ನೇ ತಿರುಗಿಸಿಕೊಂಡೆ: ಬಾಣಲೆಯಲ್ಲಿ ಮೊದಲು ಒಗ್ಗರಣೆ, ಅದರ ಮೇಲೆಯೇ ಬೆಂದ ಬೇಳೆ, ಹುಳಿ, ಪುಡಿ. ಎಣ್ಣೆಯನ್ನು ಒಲೆ ಹಚ್ಚುವ ಮೊದಲೇ ಹಾಕಿ 600, 800ರಲ್ಲಿ ಕಾಯಿಸಿ. ಖಾಲಿ ಬಾಣಲೆಯನ್ನು 2000ಕ್ಕಿಟ್ಟು ಎಣ್ಣೆ ಹುಡುಕಲು ಹೋದರೆ ಬರುವಷ್ಟರಲ್ಲಿ ಹೊಗೆ ಎದ್ದಿರುತ್ತದೆ. ಸಾಸಿವೆ ಚಟಪಟ ಎನ್ನುತ್ತಲೇ ಆರಿಸಿಬಿಡಿ, ಕರಿಬೇವು ಇಂಗಿಗೆ ತಳದ ಕಾವೇ ಸಾಕು. ಕುಕ್ಕರಿಗೂ ಇಷ್ಟೇ: ಪ್ರೆಷರ್ ಕುಕ್ಕರ್ ಎಂದು ಚಿತ್ರವಿರುವ ಬಟನ್ ಒತ್ತಬೇಡಿ, ಅದು ನನ್ನ ಒಲೆಯಲ್ಲಿ ಬೇಳೆ ಬೇಯುವ ಮೊದಲೇ ನಾಲ್ಕು ಸೀಟಿ ಹೊಡೆಸುತ್ತಿತ್ತು. 1000ದಲ್ಲಿಟ್ಟು, ಒಂದು ಸೀಟಿ ಬಂದ ಮೇಲೆ 500ಕ್ಕೆ ಇಳಿಸಿ ಹತ್ತು ನಿಮಿಷ ಬಿಡಿ.

ಇನ್ನು ಮುದ್ದೆ. ನೀವು ಯಾವ ಕಡೆಯವರೋ ಗೊತ್ತಿಲ್ಲ, ಆದರೂ ಹೇಳದೆ ಇರಲಾರೆ. ಅವ್ವ ಮೊದಲ ಸಲ ಕಲಬುರಗಿಗೆ ಬಂದಾಗ ಒಲೆಯನ್ನು ಸುತ್ತ ನೋಡಿ, "ಉರಿಯೇ ಕಾಣದಲ್ಲಪ್ಪ, ಹಿಟ್ಟು ಬೆಂದದ್ದು ಹೇಗೆ ಗೊತ್ತಾಗಬೇಕು?" ಎಂದು ಕೇಳಿದಳು. ಎಸರು ಕುದಿಯಿತು, ಹಿಟ್ಟು ಸುರಿದದ್ದಾಯಿತು, ಹದವಾಗಿ ಬೆಂದದ್ದೂ ಆಯಿತು. ತೊಳಸಲು ಕೋಲು ಹಾಕಿ ಬಲ ಬಿಟ್ಟಳು ನೋಡಿ, ಪಾತ್ರೆ ನುಣ್ಣನೆಯ ಗಾಜಿನ ಮೇಲೆ ಜಾರಿ ಗೋಡೆಗೆ ಹೋಗಿ ಬಡಿಯಿತು, ಒಲೆ ಬೀಪ್ ಎಂದು ಕೂಗತೊಡಗಿತು. ನಾನು ಎರಡೂ ಕೈಯಲ್ಲಿ ಬಟ್ಟೆ ಹಿಡಿದು ಪಾತ್ರೆ ಅದುಮಿದೆ, ಆಗಲೂ ಅದು ತಿರುಗಿತು. ಕೊನೆಗೆ ಅವ್ವ ಪಾತ್ರೆಯನ್ನೇ ಕೆಳಗಿಳಿಸಿ, ಗೋಣಿತಾಟಿನ ಮೇಲಿಟ್ಟು, ಕವೆಗೋಲಿನಿಂದ ಅದುಮಿಕೊಂಡು ಗಂಟಿಲ್ಲದಂತೆ ತೊಳಸಿದಳು; ಮತ್ತೆ ಒಲೆಗಿಟ್ಟು, ಮುಚ್ಚಿ, ಎರಡು ನಿಮಿಷ ಸಣ್ಣ ಕಾವು. ಮುದ್ದೆ ಊರಿನದರಷ್ಟೇ ನುಣ್ಣಗಿತ್ತು. ಅಂದಿನಿಂದ ನಮ್ಮಲ್ಲಿ ತೊಳಸುವ ಕೆಲಸ ನೆಲದ ಮೇಲೆಯೇ. ಗಾಜಿನ ಮೇಲೆ ಯಾರೂ ಬಲಪ್ರದರ್ಶನ ಮಾಡಬೇಡಿ. ಒಡೆದ ಗಾಜಿನ ಒಲೆಯನ್ನು ಮತ್ತೆ ಬಳಸುವಂತಿಲ್ಲ.

ಆಗದೇ ಇರುವುದು ಬೆಂಕಿಗೆ ಒಡ್ಡಿ ಸುಡುವಂಥದ್ದು. ಹಪ್ಪಳ ಸುಡುವುದು, ಎಣ್ಣೆಗಾಯಿಗಲ್ಲದೆ ಗೊಜ್ಜಿಗೆಂದು ಇಡೀ ಬದನೆಕಾಯಿ ಸುಡುವುದು, ಫುಲ್ಕಾ ಉಬ್ಬಿಸುವುದು. ಜೋಳದ ರೊಟ್ಟಿಯನ್ನು ಪಕ್ಕದ ಮನೆಯ ವೈನಿ ನನ್ನ ಒಲೆಯ ಮೇಲೆಯೇ ಮಾಡಿ ತೋರಿಸಿದರು. ಮೇಲ್ಮೈಗೆ ನೀರು ಸವರಿ, ತಿರುವಿ, ಮಡಿಸಿದ ಬಟ್ಟೆಯಿಂದ ಅಂಚು ಒತ್ತುತ್ತ ಹೋದರೆ ಹಂಚಿನ ಮೇಲೆಯೇ ಉಬ್ಬುತ್ತದೆ. ಮೆತ್ತನೆಯ ರೊಟ್ಟಿಗೆ ಇದು ಸಾಕು. ಖಡಕ್ ರೊಟ್ಟಿಗೆ ಉರಿಯ ಮಗ್ಗುಲು ಬೇಕೇ ಬೇಕು ಎಂದು ಅವರೇ ಕೈಚೆಲ್ಲಿದರು. ನಾವು ಅದನ್ನು ಅಂಗಡಿಯಿಂದ ತರುತ್ತಿದ್ದೆವು.

ಬಿಲ್ಲಿನ ಮಾತು. ನಾವಿಬ್ಬರೂ ಎರಡು ಹೊತ್ತು ಇದರಲ್ಲೇ ಬೇಯಿಸಿಕೊಂಡಾಗ ತಿಂಗಳಿಗೆ ಹೆಚ್ಚಾದದ್ದು ನಲವತ್ತೈದು ಯುನಿಟ್ ಆಸುಪಾಸು. ಮೀಟರ್ ನೋಡಿ ಬರೆದಿಟ್ಟ ಲೆಕ್ಕ. ಆಮೇಲೆ ಗ್ಯಾಸ್ ಬಂದಾಗ 14.2 ಕಿಲೋ ಸಿಲಿಂಡರ್ ಮೂರು ತಿಂಗಳು ಬಂತು. ಕಾಗದದ ಮೇಲಿನ ಲೆಕ್ಕವೂ ಇದಕ್ಕೆ ಹೊಂದುತ್ತದೆ: ಒಂದು ಸಿಲಿಂಡರಿನಲ್ಲಿ ಸುಮಾರು 180 ಯುನಿಟ್ಟಿನಷ್ಟು ಶಾಖವಿದೆ, ಗ್ಯಾಸ್ ಒಲೆಯಲ್ಲಿ ಅದರ ಮೂರನೇ ಒಂದು ಪಾಲು ಪಾತ್ರೆಯ ಅಕ್ಕಪಕ್ಕ ಹಾರಿಹೋಗುತ್ತದೆ, ಇಂಡಕ್ಷನ್‌ನಲ್ಲಿ ಅಷ್ಟು ಪೋಲಿಲ್ಲ. ಹಾಗಾಗಿ ಒಂದು ಸಿಲಿಂಡರ್ ಎಂದರೆ 140 ಯುನಿಟ್ ಎಂದು ಹಿಡಿದು, ನಿಮ್ಮ ಬಿಲ್ಲಿನಲ್ಲಿರುವ ದರದಿಂದ ಗುಣಿಸಿ ನೋಡಿ. ದೊಡ್ಡ ಉಳಿತಾಯವೂ ಕಾಣುವುದಿಲ್ಲ, ದೊಡ್ಡ ನಷ್ಟವೂ ಕಾಣುವುದಿಲ್ಲ. ಆದರೆ ಗೃಹಜ್ಯೋತಿಯಲ್ಲಿದ್ದರೆ ಸ್ವಲ್ಪ ಎಚ್ಚರ ಬೇಕು. ಎಲ್ಲರಿಗೂ 200 ಯುನಿಟ್ ಪುಕ್ಕಟೆ ಎಂದು ಅನೇಕರು ತಿಳಿದಿದ್ದಾರೆ. ಪುಕ್ಕಟೆ ಸಿಗುವುದು ಆ ಮೀಟರಿನ 2022-23ರ ಸರಾಸರಿ ಬಳಕೆ, ಅದರ ಮೇಲೆ ಸ್ವಲ್ಪ ಹೆಚ್ಚುವರಿ, ಅಷ್ಟೇ. ಅದಕ್ಕಿಂತ ಮೇಲಿನದಕ್ಕೆ ದುಡ್ಡು ಕೊಡಬೇಕು, 200 ದಾಟಿತೋ ಇಡೀ ಬಿಲ್ ನಿಮ್ಮದೇ. ನಿಮಗಿಂತ ಮೊದಲಿದ್ದವರು ಗ್ಯಾಸಿನಲ್ಲಿ ಅಡುಗೆ ಮಾಡಿಕೊಂಡಿದ್ದರೆ ಆ ಸರಾಸರಿಯಲ್ಲಿ ನಿಮ್ಮ ಒಲೆಗೆ ಜಾಗವಿರುವುದಿಲ್ಲ.

ಒಂದೇ ಒಲೆ ಎನ್ನುವ ಕಷ್ಟ ಒಂದು ವಾರದ್ದು. ಮೊದಲು ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲಿನ ಡಬ್ಬಿಯಲ್ಲಿ ಅನ್ನ, ಇನ್ನೊಂದರಲ್ಲಿ ಪಲ್ಯದ ತರಕಾರಿ. ಅದು ಇಳಿದು ಪ್ರೆಷರ್ ಹೋಗುವಷ್ಟರಲ್ಲಿ ಬಾಣಲೆಯಲ್ಲಿ ಪಲ್ಯದ ಒಗ್ಗರಣೆ, ಅದೇ ಬಾಣಲೆ ತೊಳೆದು ಸಾರು. ನಲವತ್ತು ನಿಮಿಷದಲ್ಲಿ ಊಟ. ಕಷ್ಟವೆನಿಸಿದ್ದು ನೆಂಟರು ಬಂದಾಗ: ಆರು ಜನರಿಗೆ ಚಹಾ ಒಂದು ಕಡೆ, ಉಪ್ಪಿಟ್ಟಿನ ನೀರು ಇನ್ನೊಂದು ಕಡೆ, ಒಲೆ ಮಾತ್ರ ಒಂದೇ. ಕರೆಂಟ್ ಹೋದರೆ ಅದೂ ಇಲ್ಲ, ಮನೆಯ ಸಾಮಾನ್ಯ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ. ಅವಲಕ್ಕಿ, ಮೊಸರು ಸದಾ ಮನೆಯಲ್ಲಿರಲಿ.

ಕೊಳ್ಳುವಾಗ ಒತ್ತುವ ಬಟನ್ನಿನದೇ ಕೊಳ್ಳಿ. ಟಚ್ ಫಲಕ ನೋಡಲು ಚೆಂದ, ಒದ್ದೆ ಕೈಗೆ ಮಾತು ಕೇಳುವುದಿಲ್ಲ. ಅಡುಗೆ ಮುಗಿದೊಡನೆ ಗೋಡೆಯ ಸ್ವಿಚ್ ಆರಿಸಬೇಡಿ, ಒಳಗಿನ ಫ್ಯಾನ್ ಒಂದೆರಡು ನಿಮಿಷ ತಿರುಗಿ ನಿಲ್ಲಲಿ. ಆ ಫ್ಯಾನ್ ಗಾಳಿ ಎಳೆಯುವುದು ಕೆಳಗಿನಿಂದ, ಆದ್ದರಿಂದ ಅಡಿಯಲ್ಲಿ ಪೇಪರ್, ಪ್ಲಾಸ್ಟಿಕ್ ಹಾಸಬೇಡಿ. ನನ್ನ ಮೊದಲ ಒಲೆ ಮೂರನೆಯ ವರ್ಷಕ್ಕೆ ಕೆಟ್ಟಾಗ ರಿಪೇರಿಯವನು ಅಡಿಯ ಮುಚ್ಚಳ ಬಿಚ್ಚಿದ. ಬೆಚ್ಚಗಿನ ಜಾಗವೆಂದು ಜಿರಲೆಗಳ ಸಂಸಾರವೇ ಅಲ್ಲಿ ನೆಲೆಸಿತ್ತು. ಈಗ ರಾತ್ರಿ ಒರೆಸಿ, ಪ್ಲಗ್ ತೆಗೆದು, ಗೋಡೆಗೆ ಒರಗಿಸಿ ನಿಲ್ಲಿಸುತ್ತೇನೆ. ಮನೆಗೆ ಬಂದು ಹೋಗುವ ಹಿರಿಯರಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಉರಿಯುವ ಒಲೆಯಿಂದ ಎರಡಡಿ ದೂರವಿರಲಿ, ಅವರ ವೈದ್ಯರನ್ನೂ ಒಂದು ಮಾತು ಕೇಳಲಿ.

ದೋಸೆ ಉಳಿಯಿತು. ಏಳುತ್ತದೆ, ಆದರೆ ಹೋಟೆಲಿನ ಅಗಲ ಮರೆತುಬಿಡಿ. ಒಳಗಿನ ಸುರುಳಿ ಅಂಗೈ ಚಾಚಿದಷ್ಟು ಅಗಲವೂ ಇರುವುದಿಲ್ಲ. ಹನ್ನೆರಡು ಇಂಚಿನ ಕಾವಲಿ ಇಟ್ಟರೆ ನಡುವೆ ಕೆಂಪಗೆ ಬೆಂದು ಅಂಚು ಬಿಳಿಚಿಕೊಂಡು ಅಂಟಿರುತ್ತದೆ. ಒಂಬತ್ತು ಇಂಚಿನ, ತಳ ಚಪ್ಪಟೆಯಾದ ಬೀಡು ಕಬ್ಬಿಣದ ಕಾವಲಿ ತನ್ನಿ. 400ರಲ್ಲಿಟ್ಟು ಐದಾರು ನಿಮಿಷ ಬಿಡಿ, ಅವಸರದಿಂದ 2000ಕ್ಕೆ ಏರಿಸಿದರೆ ಬೀಡು ಬಿರುಕು ಬಿಡುವುದುಂಟು. ಆಮೇಲೆ 800. ನೀರು ಚಿಮುಕಿಸಿ ಚುಂಯ್ ಎಂದಾಗ ಅರ್ಧ ಈರುಳ್ಳಿಯಿಂದ ಎಣ್ಣೆ ಸವರಿ, ಸೆಟ್ ದೋಸೆಯ ಅಳತೆಗೆ ಹುಯ್ಯಿರಿ, ಮುಚ್ಚಿ. ಮೊದಲನೆಯದು ಹರಿದರೆ ಹರಿಯಲಿ, ಎರಡನೆಯದರಿಂದ ಏಳುತ್ತದೆ.